ಲಂಡನ್ ಪೊಲೀಸರಿಗೆ ಸಿಗದವನು ದೊಡ್ಡಪ್ಪನಿಗೆ ಸಿಕ್ಕ

ನಿನ್ನೆ ರಾತ್ರಿ ಹನ್ನೆರಡೂವರೆಗೆ ರಿಮೋಟನ್ನು ಸೋಫಾ ಮೇಲೆ ಎಸೆದೆ. ಎಂಟು ಎಪಿಸೋಡು ನಿದ್ದೆಗೆಟ್ಟು ನೋಡಿದ ಧಾರಾವಾಹಿ. ಕೊನೆಗೆ ಯಾವನೋ ಡಾಕ್ಟರನ್ನು ಹಿಡಿದು ‘ಇವನೇ ಜಾಕ್ ದ ರಿಪ್ಪರ್’ ಅಂದುಬಿಡುವುದಾ? 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಸುತ್ತ ಐದು ಹೆಂಗಸರನ್ನು ಕೊಂದವನು ಯಾರು ಅಂತ ಇವತ್ತಿಗೂ ಪತ್ತೆಯಿಲ್ಲ. ಇನ್‌ಸ್ಪೆಕ್ಟರ್ ಅಬರ್‌ಲೈನ್ ತಲೆ ಕೆಡಿಸಿಕೊಂಡರೂ ಸಿಗಲಿಲ್ಲ. ಸಿಗದೇ ಇರೋದರಲ್ಲೇ ಅದರ ಜೀವ ಇರೋದು, ಅಲ್ವಾ?

ನಾನು ಹೀಗೆ ಉರಿದುಕೊಳ್ಳುತ್ತಿದ್ದರೆ ಪಕ್ಕದಲ್ಲಿ ದೊಡ್ಡಪ್ಪ ತೊಡೆ ತಟ್ಟಿದರು. “ಮೊದಲ್ನೇ ದಿನಾನೇ ಹೇಳಿದ್ನಲ್ಲೋ!”

ಹೇಳಿದ್ದು ನಿಜ. ಆದರೆ ಯಾರನ್ನು ಬಿಟ್ಟಿದ್ದರು? ದೊಡ್ಡಪ್ಪನ ತನಿಖೆಗೆ ಸಾಕ್ಷಿ ಬೇಡ, ಮುಖ ಸಾಕು. “ಇವ್ನ ಕಣ್ಣು ನೋಡು, ಇವ್ನೇ.” ಹಾಲಿನವನು, ಪಾದ್ರಿ, ಕುದುರೆಗಾಡಿಯವನು, ಆಮೇಲೆ ಪಾಪ, ಅಬರ್‌ಲೈನ್ ಕೂಡ. ನಾಲ್ಕನೇ ಎಪಿಸೋಡಿನಲ್ಲಿ ಬೀದಿ ದೀಪ ಹಚ್ಚಲು ಒಬ್ಬ ಬಂದ. ಇದ್ದಿದ್ದು ಎರಡೇ ಸೆಕೆಂಡು. “ನಿಲ್ಸು ನಿಲ್ಸು. ಇವ್ನಿಗ್ಯಾಕೆ ಏಣಿ?” ಕನ್ನಡಕ ಪಂಚೆಯಲ್ಲಿ ಒರೆಸಿಕೊಂಡು, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಏಣಿಯ ಮೆಟ್ಟಿಲು ಎಣಿಸಿದರು. ಒಂಬತ್ತು. ಅದರಿಂದ ಏನು ಗೊತ್ತಾಯಿತೋ, ನನಗೆ ಹೇಳಲಿಲ್ಲ.

ಒಂದು ರಾತ್ರಿ ಮಾತ್ರ ಯಾರತ್ತಲೂ ಬೆರಳು ತೋರಿಸಲಿಲ್ಲ. ಪಾಲಿ ನಿಕೋಲ್ಸ್ ಎಂಬಾಕೆಯ ಹತ್ತಿರ ಹಾಸಿಗೆ ಬಾಡಿಗೆಗೆ ನಾಲ್ಕು ಪೆನ್ನಿ ಇಲ್ಲ. ಆಗಸ್ಟ್ 31ರ ನಡುರಾತ್ರಿ ಲಾಡ್ಜಿನವರು ಆಚೆ ಕಳಿಸಿದರು. ಬೆಳಕು ಹರಿಯುವ ಮೊದಲೇ ಹೆಣವಾದಳು. ಇದು ಧಾರಾವಾಹಿಯವರು ಕಟ್ಟಿದ್ದಲ್ಲ, ನಡೆದಿದ್ದೇ. ಅವಳ ಹಿಂದೆ ಹೊಗೆ ಉಗುಳುವ ಚಿಮ್ನಿಗಳು ಕಾಣುತ್ತಿದ್ದವು. ದೊಡ್ಡಪ್ಪ ನಮ್ಮ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. “ಮಿಲ್ಲು ಮುಚ್ಚಿದ ವರ್ಷ ನಿಮ್ ದೊಡ್ಡಮ್ಮನ ಬಳೆ ಮಾರಿ ಬಾಡಿಗೆ ಕಟ್ಟಿದ್ದೆ” ಅಂದರು. ಆಮೇಲೆ ಮಾತಿಲ್ಲ.

ಆ ದೊಡ್ಡಪ್ಪನೇ ಇವತ್ತು ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತು, “ಲಂಡನ್ ಪೊಲೀಸ್ರ ಕೈಲಿ ಆಗ್ಲಿಲ್ಲ, ನಾನು ಮನೇಲಿ ಕೂತ್ಕೊಂಡೇ ಹಿಡ್ದೆ” ಅನ್ನುತ್ತಿದ್ದರು. ಮಿರ್ಚಿಯವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬಾಣಲೆಯಲ್ಲಿ ನನ್ನ ಪ್ಲೇಟಿನ ಮಿರ್ಚಿ ಕರ‍್ರಗಾಗುತ್ತಿತ್ತು.

“ದೊಡ್ಡಪ್ಪ, ಅದು ಬರೀ ಕತೆ. ನಿಜವಾದವನು ಸಿಕ್ಕೇ ಇಲ್ಲ” ಅಂದೆ.

ದೊಡ್ಡಪ್ಪ ಅಗಿಯುವುದನ್ನು ನಿಲ್ಲಿಸಿದರು. “ನಿಂಗ್ಯಾಕೋ ಅವನ ಮೇಲೆ ಅಷ್ಟು ಕನಿಕರ?” ಆಮೇಲೆ ಮಿರ್ಚಿಯವನ ಕಡೆ ಬಾಗಿ, ಮೆಲ್ಲಗೆ:

“ಇವ್ನ ಕಣ್ಣು ನೋಡು.”