ಸತ್ಯಾಂಶ: ಮೆಗಾಪಿಕ್ಸೆಲ್ ಜಾಸ್ತಿಯಾದರೆ ಫೋಟೋ ಚೆನ್ನಾಗಿ ಬರುತ್ತದೆಯೇ?

"ಪ್ರವಾಸಕ್ಕೆ ಪುಟ್ಟ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಒಂದನ್ನೇ ನೋಡಿ, ಜಾಸ್ತಿ ಇದ್ದಷ್ಟೂ ಫೋಟೋ ಚೆನ್ನ" ಎನ್ನುವ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಸರಿಯಲ್ಲ.

ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಅನ್ನುವ ಲೆಕ್ಕ ಅಷ್ಟೇ. ಒಂದಕ್ಕೆ 10 ಲಕ್ಷ ಚುಕ್ಕೆ. 4ಕೆ ಟಿವಿಯ ಪರದೆ ತುಂಬಲು ಸುಮಾರು 8 ಮೆಗಾಪಿಕ್ಸೆಲ್ ಸಾಕು. 12 ಇದ್ದರೆ 13 ಇಂಚು ಅಗಲದ ಪ್ರಿಂಟ್ ಕೂಡ ಚೊಕ್ಕವಾಗಿ ಬರುತ್ತದೆ. ನಾವು ಅಷ್ಟು ದೊಡ್ಡ ಪ್ರಿಂಟ್ ಹಾಕಿಸುವುದೇ ಅಪರೂಪ, ಅಲ್ವಾ?

ಸಂಜೆ ಹೊತ್ತು, ಮನೆಯೊಳಗೆ, ಮಬ್ಬು ಬೆಳಕಿನಲ್ಲಿ ಕೈ ಹಿಡಿಯುವುದು ಸೆನ್ಸರ್, ಅಂದರೆ ಲೆನ್ಸ್ ಹಿಂದೆ ಬೆಳಕನ್ನು ಚಿತ್ರವಾಗಿಸುವ ಚಿಪ್. ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ, ಚಿತ್ರದಲ್ಲಿ ಕಾಳುಕಾಳು ಕಡಿಮೆ. ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರ್‌ಗಿಂತ 1 ಇಂಚಿನದ್ದು ವಿಸ್ತೀರ್ಣದಲ್ಲಿ ಸುಮಾರು 4 ಪಟ್ಟು ದೊಡ್ಡದು. ತಮಾಷೆಯೆಂದರೆ, ಈ '1 ಇಂಚಿನ' ಸೆನ್ಸರ್ ನಿಜಕ್ಕೂ 13.2 × 8.8 ಮಿ.ಮೀ. ಮಾತ್ರ. ಹಳೇ ವಿಡಿಯೊ ಕ್ಯಾಮೆರಾಗಳಲ್ಲಿದ್ದ ಟ್ಯೂಬ್‌ಗಳ ಕಾಲದ ಹೆಸರು ಹಾಗೇ ಉಳಿದುಕೊಂಡಿದೆ.

ಲೆನ್ಸ್ ಮೇಲಿನ ಎಫ್ ಸಂಖ್ಯೆಯನ್ನೂ ನೋಡಿ, ಲೆನ್ಸ್ ಬೆಳಕಿಗೆ ಎಷ್ಟು ಅಗಲವಾಗಿ ತೆರೆಯುತ್ತದೆ ಅನ್ನುವ ಲೆಕ್ಕ ಅದು. ಚಿಕ್ಕದಿದ್ದಷ್ಟೂ ಒಳ್ಳೆಯದು: ಎಫ್/1.8 ಲೆನ್ಸ್ ಎಫ್/3.5ಕ್ಕಿಂತ ಹತ್ತಿರ ಹತ್ತಿರ 4 ಪಟ್ಟು ಬೆಳಕು ಬಿಡುತ್ತದೆ. ಡಿಜಿಟಲ್ ಜೂಮ್ ಸಂಖ್ಯೆಗೆ ಮರುಳಾಗಬೇಡಿ, ಅದು ಚಿತ್ರವನ್ನು ಸುಮ್ನೆ ಕತ್ತರಿಸಿ ಹಿಗ್ಗಿಸುತ್ತದೆ. ಬೇಕಾದ್ದು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ದೂರದ್ದನ್ನು ಹತ್ತಿರ ತೋರಿಸುವುದು.

ದೊಡ್ಡ ಸೆನ್ಸರ್, ಉದ್ದ ಜೂಮ್, ಕಡಿಮೆ ತೂಕ, ಮೂರೂ ಒಂದೇ ಕ್ಯಾಮೆರಾದಲ್ಲಿ ಸಿಗುವುದು ಕಷ್ಟ. ನಾನಾದರೆ ಜೂಮ್ ಬಿಡುತ್ತೇನೆ. ಹಕ್ಕಿಗಳ ಫೋಟೋ ಹಿಂದೆ ಹೋಗುವವರು ದೊಡ್ಡ ಸೆನ್ಸರ್ ಬಿಡಬಹುದು.