ಇನ್ಸುಲಿನ್ ಶುರುವಾದ ಮನೆಯಲ್ಲಿ ಮೊದಲ ತಿಂಗಳು

ಹದಿನಾಲ್ಕು ವರ್ಷ ಮಾತ್ರೆಗಳಲ್ಲೇ ಸಕ್ಕರೆ ಕಾಯಿಲೆಯನ್ನು ನಿಭಾಯಿಸಿದ್ದ ನನ್ನ ತಾಯಿಗೆ ಕಳೆದ ವರ್ಷ ವೈದ್ಯರು ಇನ್ಸುಲಿನ್ ಬರೆದುಕೊಟ್ಟ ದಿನ, ಅವರು ಮನೆಗೆ ಬಂದು ಊಟವನ್ನೂ ಮಾಡದೆ ಮಲಗಿಬಿಟ್ಟರು. ಇನ್ಸುಲಿನ್ ಎಂದರೆ ಕೊನೆಯ ಹಂತ ಎಂಬ ಮಾತನ್ನು ನೆಂಟರಿಷ್ಟರ ಬಾಯಲ್ಲಿ ಅವರು ಎಷ್ಟು ಸಲ ಕೇಳಿದ್ದರೋ. ಟೈಪ್ 2 ಮಧುಮೇಹದಲ್ಲಿ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ವರ್ಷ ಕಳೆದಂತೆ ಸೊರಗುತ್ತವೆ. ದೇಹಕ್ಕೆ ಕಡಿಮೆ ಬಿದ್ದದ್ದನ್ನು ಹೊರಗಿನಿಂದ ತುಂಬಿಕೊಡುವುದೇ ಈ ಚುಚ್ಚುಮದ್ದಿನ ಕೆಲಸ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆ ಪಡೆದ ಮೊದಲಿಗ, 14 ವರ್ಷದ ಲಿಯೊನಾರ್ಡ್ ಥಾಂಪ್ಸನ್, ಸಾವಿನ ಬಾಗಿಲಿಂದ ಮರಳಿ ಮತ್ತೆ 13 ವರ್ಷ ಬದುಕಿದ. ಆ ಹುಡುಗನ ವಿಷಯ ಕೇಳಿದ ಮೇಲೆಯೇ ಅಮ್ಮ ಸೂಜಿಗೆ ಒಪ್ಪಿದ್ದು.

ನೋವಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಶುಗರ್ ನೋಡಲು ಬೆರಳು ಚುಚ್ಚಿಕೊಳ್ಳುವುದೇ ಇದಕ್ಕಿಂತ ನೋಯುತ್ತದೆ ಎನ್ನುತ್ತಾರೆ ಅಮ್ಮ. ನಾವು ಎಡವಿದ್ದು ಸಿರಿಂಜಿನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 30/70 (ಬೇಗ ಕೆಲಸ ಮಾಡುವುದು 30 ಭಾಗ, ನಿಧಾನವಾಗಿ ಕೆಲಸ ಮಾಡುವುದು 70 ಭಾಗ ಬೆರೆಸಿದ) ಇನ್ಸುಲಿನ್ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಮೆಡಿಕಲ್ ಶಾಪಿನಲ್ಲಿ ನಮಗೆ ಕೊಟ್ಟದ್ದು ಕಿತ್ತಳೆ ಮುಚ್ಚಳದ, 100 ಯೂನಿಟ್ ಅಳತೆಯ ಸಿರಿಂಜ್. ಅದರಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 4 ಯೂನಿಟ್ ಮಾತ್ರ. ಐದು ದಿನ ಸಕ್ಕರೆ ಇಳಿಯದೆ ಇದ್ದಾಗ ನಾವು ಅಮ್ಮನ ಊಟವನ್ನು ದೂರಿದೆವು, ಆ ನೋವು ನನಗೆ ಇನ್ನೂ ಇದೆ. ಇದೇ ತಪ್ಪು ತಿರುಗಾಮುರುಗಾ ಆಗಿ, 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಆಗಿದೆಯೇ ಎಂದು ಪ್ರತಿ ಸಲ ಕೊಳ್ಳುವಾಗಲೂ ದಯವಿಟ್ಟು ನೋಡಿ.

ಎರಡನೆಯದು ಊಟದ ಹೊತ್ತು. ಈ ಇನ್ಸುಲಿನ್ ತೆಗೆದುಕೊಂಡ ಅರ್ಧ ಗಂಟೆಯೊಳಗೆ ತಟ್ಟೆ ಮುಂದೆ ಇರಬೇಕು. ಒಂದು ಸಂಜೆ ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ಅಮ್ಮ ಚುಚ್ಚಿಸಿಕೊಂಡೇ ಹೋಗಿದ್ದರು, ಮಹಾಮಂಗಳಾರತಿ ತಡವಾಯಿತು. ಮೈಯೆಲ್ಲ ಬೆವೆತು, ಕೈ ನಡುಗಿ, ಕೇಳಿದ್ದಕ್ಕೆ ಏನೋ ಒಂದು ಉತ್ತರ ಕೊಡತೊಡಗಿದರು. ಮನೆಗೆ ಕರೆತಂದು ನೋಡಿದರೆ ಶುಗರ್ 52. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟಿದ ಮೇಲೆ ಅನ್ನ ಕೊಟ್ಟೆವು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಈಗ ಅಡುಗೆ ಆಗಿದೆ ಎಂದು ಖಚಿತವಾದ ಮೇಲೆಯೇ ನಾವು ಇನ್ಸುಲಿನ್ ತೆಗೆಯಲು ಫ್ರಿಜ್ ತೆರೆಯುವುದು. ಏಕಾದಶಿಯ ಉಪವಾಸವಿದ್ದರೆ ಅಂದಿನ ಪ್ರಮಾಣವನ್ನು ಮುಂಚಿತವಾಗಿಯೇ ವೈದ್ಯರಲ್ಲಿ ಕೇಳುತ್ತೇವೆ.

ಆರಂಭದ ಕೆಲವು ವಾರ ಕಣ್ಣು ಮಂಜಾಗಬಹುದು, ಆದ್ದರಿಂದ ಅವಸರದಲ್ಲಿ ಹೊಸ ಕನ್ನಡಕ ಮಾಡಿಸಬೇಡಿ. ತೂಕವೂ ತುಸು ಏರಬಹುದು. ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಚರ್ಮದಡಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹಾಗಾಗಿ ಜಾಗ ಬದಲಿಸುತ್ತಿರಬೇಕು. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಅನ್ನು ಎಸೆಯಬೇಕೇ ಹೊರತು ಕರಗಿಸಿ ಬಳಸಬಾರದು.

ಇಷ್ಟನ್ನೂ ಕಲಿಸಲು ಅರ್ಧ ಗಂಟೆ ಸಾಕು. ಚೀಟಿ ಬರೆಯುವ ದಿನವೇ ಆ ಅರ್ಧ ಗಂಟೆಯನ್ನು ರೋಗಿಗೆ ಮಾತ್ರವಲ್ಲದೆ ಮನೆಯವರೊಬ್ಬರಿಗೂ ಕೊಡುವುದು ಚಿಕಿತ್ಸೆಯ ಭಾಗವೇ ಆಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಯಾರೂ ತಾವಾಗಿ ಹೇಳದಿದ್ದರೆ ಕೇಳಿ, ಸಂಕೋಚಪಡಬೇಡಿ; ಮೊದಲ ಸಲದ ಚುಚ್ಚುಮದ್ದನ್ನು ನರ್ಸ್ ಎದುರಿನಲ್ಲೇ ನೀವೇ ಹಾಕಿ ತೋರಿಸಿ. ಬಳಸಿದ ಸೂಜಿಯನ್ನು ಏನು ಮಾಡಬೇಕೆಂದೂ ಅಲ್ಲಿಯೇ ಕೇಳಿಕೊಳ್ಳಿ. ನಾವು ಅವನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಆಸ್ಪತ್ರೆಗೇ ಹಿಂದಿರುಗಿಸುತ್ತೇವೆ, ಏಕೆಂದರೆ ಬೆಳಗಿನ ಕಸವನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರಿಗೆ ಆ ಚೀಲದೊಳಗೆ ಏನಿದೆಯೆಂದು ಗೊತ್ತಿರುವುದಿಲ್ಲ.