ಸ್ಪಷ್ಟನೆ: ಉಜ್ಜಿ ಹೊಳೆಸಿದರೆ ನಾಣ್ಯದ ದರ್ಜೆ ಏರುವುದಿಲ್ಲ

ಹಳೆಯ ನಾಣ್ಯವನ್ನು ಅಡುಗೆ ಸೋಡಾ ಹಾಕಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿದರೆ ಅದಕ್ಕೆ ಮೇಲಿನ ದರ್ಜೆ (ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಸೂಚಿಸುವ ಶ್ರೇಣಿ) ಸಿಗುತ್ತದೆ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ತಪ್ಪು.

ದರ್ಜೆಯನ್ನು ನಿರ್ಧರಿಸುವಾಗ ಮುಖ್ಯವಾಗಿ ನೋಡುವುದು ಸವೆತವನ್ನು. ಅಂದರೆ ಕೆನ್ನೆ, ಹುಬ್ಬಿನ ಮೇಲಿನ ಕೂದಲು, ಕಿರೀಟದ ಅಂಚು ಮುಂತಾದ ಉಬ್ಬು ಭಾಗಗಳಲ್ಲಿ ಮೂಲ ವಿವರ ಎಷ್ಟು ಉಳಿದಿದೆ ಎಂಬುದನ್ನು. ಟಂಕಿಸುವಾಗ ಲೋಹ ಅಚ್ಚಿನೊಳಗೆ ಹರಿದು ಮೂಡುವ ಅತಿ ಸೂಕ್ಷ್ಮ ಗೆರೆಗಳಿಂದಲೇ ನಿಜವಾದ ಕಾಂತಿ ಬರುವುದರಿಂದ, ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಚಕ್ರದ ಅರಗಳಂತೆ ಸುತ್ತುತ್ತದೆ. ಉಜ್ಜಿದಾಗ ಈ ಗೆರೆಗಳು ಅಳಿಸಿ, ಅವುಗಳ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಕಳೆದುಹೋದ ಆ ಮೂಲ ಕಾಂತಿ ಮತ್ತೆ ಬರುವಂಥದ್ದಲ್ಲ. ನಾಣ್ಯಗಳ ದರ್ಜೆಯನ್ನು ಪ್ರಮಾಣೀಕರಿಸುವ ಸಂಸ್ಥೆಗಳು ಇಂಥ ನಾಣ್ಯಗಳಿಗೆ ಸಾಮಾನ್ಯವಾಗಿ ದರ್ಜೆಯ ಅಂಕವನ್ನೇ ಕೊಡದೆ, ‘ಸ್ವಚ್ಛಗೊಳಿಸಿದ್ದು’ ಎಂದು ನಮೂದಿಸುತ್ತವೆ.

ಅದೇ ಸಂದೇಶದಲ್ಲಿ 60 ಅಂಕವೆಂದರೆ ಸಾಧಾರಣ ಎಂದೂ ಬರೆದಿದೆ. ಅದೂ ತಪ್ಪು. ಈ ಅಂಕಗಳಿಗೆ ಆಧಾರವಾದ, ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ ಮಾಪಕ 1ರಿಂದ 70ರವರೆಗಿನದು, ಶೇಕಡಾವಾರು ಲೆಕ್ಕವಲ್ಲ. ಚಲಾವಣೆಯಲ್ಲಿ ಸವೆಯದ ನಾಣ್ಯಗಳ ದರ್ಜೆ ಆರಂಭವಾಗುವುದೇ 60ರಿಂದ.

ಒಮ್ಮೆ ಉಜ್ಜಿದ ನಾಣ್ಯವನ್ನು ಸರಿಪಡಿಸಲಾಗದು. ಆದ್ದರಿಂದ ದಯವಿಟ್ಟು ಆ ಸಂದೇಶವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.